‘ಅಲ್ಲ’ವೋ ‘ಇಲ್ಲ’ವೋ? ಇಂಗ್ಲಿಷಿನ ಅನ್, ಇನ್, ಡಿಸ್, ನಾನ್ ಪದಗಳ ಸಂಗತಿ

ಪ್ರಶ್ನೆ: ಇಂಗ್ಲಿಷ್ ದಾಖಲೆಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಮೊನ್ನೆ ‘ಡಿಸ್‌ಇಂಟರೆಸ್ಟೆಡ್ ವಿಟ್‌ನೆಸ್’ ಎಂಬುದನ್ನು ‘ಆಸಕ್ತಿಯಿಲ್ಲದ ಸಾಕ್ಷಿ’ ಎಂದು ಬರೆದೆ. ನಮ್ಮ ಹಿರಿಯರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸ್ ಕಳಿಸಿದರು. ಅದೇ ಹೇಳಿಕೆಯಲ್ಲಿ ‘ದ ಡೋರ್ ವಾಸ್ ಅನ್‌ಲಾಕ್ಡ್’ ಎಂಬುದಕ್ಕೆ ‘ಬಾಗಿಲ ಬೀಗ ತೆಗೆಯಲಾಗಿತ್ತು’ ಎಂದಿದ್ದೆ. ಅದರ ಪಕ್ಕದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ! ಅನ್, ಇನ್, ಡಿಸ್, ನಾನ್ ಎಲ್ಲಕ್ಕೂ ‘ಇಲ್ಲ’ ಎಂದೇ ಅರ್ಥ ಅಂತ ಶಾಲೆಯಲ್ಲಿ ಕಲಿತವಳು ನಾನು. ಈಗ ನೋಡಿದರೆ ‘ಇನ್‌ಫ್ಲ್ಯಾಮಬಲ್’ ಅಂದರೆ ಉರಿಯದ್ದಲ್ಲ, ಉರಿಯುವಂಥದ್ದು ಎನ್ನುತ್ತಾರೆ. ಇದಕ್ಕೆಲ್ಲ ಏನಾದರೂ ನಿಯಮ ಇದೆಯೇ? ಯಾವ ಪದಕ್ಕೆ ಯಾವುದು ಅಂಟುತ್ತದೆ ಎಂದು ತಿಳಿಯುವುದು ಹೇಗೆ?

ಉತ್ತರ: ಶಾಲೆಯಲ್ಲಿ ಕಲಿತದ್ದು ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧ ನಿಮಗೆ ಕನ್ನಡದಿಂದಲೇ ಗೊತ್ತಿದೆ, ಅದನ್ನು ಇಂಗ್ಲಿಷಿನ ಮೇಲೆ ಪ್ರಯೋಗಿಸಿ ನೋಡಿಲ್ಲ, ಅಷ್ಟೆ.

ನಮ್ಮಲ್ಲಿ ‘ಅಲ್ಲ’ ಬೇರೆ, ‘ಇಲ್ಲ’ ಬೇರೆ. ‘ಇದು ಹಾಲಲ್ಲ’ ಎಂದರೆ ಲೋಟದಲ್ಲಿ ಮಜ್ಜಿಗೆಯೋ ಸುಣ್ಣದ ನೀರೋ ಇದೆ. ‘ಹಾಲಿಲ್ಲ’ ಎಂದರೆ ಲೋಟ ಖಾಲಿ. ಮೂರು ವರ್ಷದ ಮಗುವೂ ಇವೆರಡನ್ನು ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಸಾಮಾನ್ಯವಾಗಿ ‘ನಾಟ್’ ಬಂದು ಕೂರುತ್ತದೆ. ಆದರೆ ಪದದ ಮುಂದೆ ಅಂಟುವ ತುಣುಕುಗಳಲ್ಲಿ, ಅಂದರೆ ನಿಷೇಧದ ಪೂರ್ವಪ್ರತ್ಯಯಗಳಲ್ಲಿ, ಈ ವ್ಯತ್ಯಾಸ ತಕ್ಕಮಟ್ಟಿಗೆ ಉಳಿದುಕೊಂಡಿದೆ. ಹಾಗಾಗಿ ಇಂಥ ಪದ ಎದುರಾದಾಗ ‘ಇದು ನೆಗೆಟಿವ್’ ಎಂದು ಗುರುತಿಸಿ ಮುಂದೆ ಹೋಗಬೇಡಿ. ‘ಯಾವ ಬಗೆಯ ಇಲ್ಲ?’ ಎಂದು ಕೇಳಿಕೊಳ್ಳಿ. ಅಲ್ಲವೋ, ಇಲ್ಲವೋ, ಆಗದೋ, ವಿರುದ್ಧವೋ, ಕಟ್ಟಿದ್ದನ್ನು ಬಿಚ್ಚಿದ್ದೋ? ನಾನು ನಲವತ್ತು ವರ್ಷದಿಂದ ಮಾಡುತ್ತಿರುವುದು ಇಷ್ಟೇ.

ಸುಲಭದ್ದರಿಂದ ಶುರು ಮಾಡೋಣ. ‘ನಾನ್‌ಹ್ಯೂಮನ್’ ಮತ್ತು ‘ಇನ್‌ಹ್ಯೂಮನ್’. ಚಿಂಪಾಂಜಿ ನಾನ್‌ಹ್ಯೂಮನ್, ಮನುಷ್ಯ ಅಲ್ಲದ್ದು. ಇದು ಬರೀ ವರ್ಗೀಕರಣ, ಬೈಗುಳವಲ್ಲ. ಕೈದಿಯನ್ನು ಕತ್ತಲೆಕೋಣೆಯಲ್ಲಿ ಕೂಡಿಹಾಕಿ ಅನ್ನ ನೀರು ಕೊಡದಿರುವುದು ಇನ್‌ಹ್ಯೂಮನ್, ಅಲ್ಲಿ ಮನುಷ್ಯತ್ವ ಇಲ್ಲ. ತಮಾಷೆಯೆಂದರೆ ಚಿಂಪಾಂಜಿ ಎಂದೂ ಇನ್‌ಹ್ಯೂಮನ್ ಆಗಲಾರದು. ಆ ಪದಕ್ಕೆ ಅರ್ಹತೆ ಇರುವುದು ಮನುಷ್ಯನಿಗೆ ಮಾತ್ರ. ಕನ್ನಡದ ಪತ್ರಿಕಾಭಾಷೆ ಇದನ್ನು ಎಷ್ಟೋ ಹಿಂದೆಯೇ ಬಗೆಹರಿಸಿಕೊಂಡಿದೆ. ಮೊದಲನೆಯದು ಮಾನವೇತರ, ಎರಡನೆಯದು ಅಮಾನುಷ. ಸರ್ಕಾರೇತರ, ಬೋಧಕೇತರ, ಕೃಷಿಯೇತರ ಎಂದೆಲ್ಲ ಬರೆಯುವಾಗ ನಾವು ‘ನಾನ್’ ಎಂಬುದಕ್ಕೆ ‘ಇತರ’ ಎಂಬ ಬಾಲ ಹಚ್ಚುತ್ತೇವೆ. ಇದು ಬಹುಪಾಲು ಕಡೆ ಕೈಕೊಡದ ಉಪಾಯ. ‘ನಾನ್‌ಸೈಂಟಿಫಿಕ್’ ಅಂದರೆ ವಿಜ್ಞಾನೇತರ, ‘ಅನ್‌ಸೈಂಟಿಫಿಕ್’ ಅಂದರೆ ಅವೈಜ್ಞಾನಿಕ. ಕಾವ್ಯ ವಿಜ್ಞಾನೇತರ ಎಂದರೆ ಯಾವ ಕವಿಯೂ ಜಗಳಕ್ಕೆ ಬರುವುದಿಲ್ಲ. ಒಂದು ಔಷಧಪರೀಕ್ಷೆಯನ್ನು ಅವೈಜ್ಞಾನಿಕ ಎಂದರೆ ಅದನ್ನು ನಡೆಸಿದವರು ಖಂಡಿತ ಬರುತ್ತಾರೆ.

ಈ ಒಂದಕ್ಷರದ ವ್ಯತ್ಯಾಸ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ‘ನಾನ್‌ಅಮೆರಿಕನ್’ ಎಂದರೆ ಬೇರೆ ದೇಶದವನು. ‘ಅನ್‌ಅಮೆರಿಕನ್’ ಎಂದರೆ ಅಮೆರಿಕದ ರೀತಿನೀತಿಗೆ ವಿರುದ್ಧವಾದದ್ದು. 1938ರಲ್ಲಿ ಅಲ್ಲಿನ ಪ್ರತಿನಿಧಿಸಭೆ ‘ಅನ್‌ಅಮೆರಿಕನ್’ ಚಟುವಟಿಕೆಗಳ ತನಿಖೆಗೆಂದೇ ಒಂದು ಸಮಿತಿ ರಚಿಸಿತು. ಅದರ ಮುಂದೆ ಕಟಕಟೆ ಹತ್ತಿದವರಲ್ಲಿ ಬಹುಪಾಲು ಮಂದಿ ಅಮೆರಿಕದಲ್ಲೇ ಹುಟ್ಟಿ ಬೆಳೆದ ಪ್ರಜೆಗಳು. ‘ನಾನ್’ ಅವರನ್ನು ಮುಟ್ಟುವಂತಿರಲಿಲ್ಲ, ‘ಅನ್’ ಮುಟ್ಟಿತು.

ಸಂಸ್ಕೃತ ವೈಯಾಕರಣರು ತಮ್ಮ ‘ಅ’ಕಾರದ ಬಗ್ಗೆ ಇದೇ ಮಾತನ್ನು ಬಹಳ ಹಿಂದೆಯೇ ಹೇಳಿಟ್ಟಿದ್ದಾರೆ. ನಿಷೇಧದ ಈ ಪ್ರತ್ಯಯಕ್ಕೆ ಅವರು ‘ನಞ್’ ಎಂದು ಹೆಸರಿಟ್ಟು, ಆರು ಅರ್ಥ ಎಣಿಸಿದರು: ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ. ನಮ್ಮ ‘ಇಲ್ಲ’ ಅವರ ಅಭಾವ, ನಮ್ಮ ‘ಅಲ್ಲ’ ಅವರ ಅನ್ಯತ್ವ, ‘ಅನ್‌ಅಮೆರಿಕನ್’ ವಿರೋಧದ ಪಂಕ್ತಿಗೆ ಸೇರುತ್ತದೆ. ಅಲ್ಪತೆಗೆ ಅವರು ಕೊಡುವ ‘ಅನುದರಾ ಕನ್ಯಾ’ ಎಂಬ ಉದಾಹರಣೆ ನನಗೆ ಬಲು ಇಷ್ಟ. ಅಕ್ಷರಶಃ ಓದಿದರೆ ಹೊಟ್ಟೆಯೇ ಇಲ್ಲದ ಹುಡುಗಿ. ಅರ್ಥ ಮಾತ್ರ ಸಣ್ಣ ನಡುವಿನವಳು ಎಂದು.

ಈಗ ನಿಮ್ಮ ಸಾಕ್ಷಿಯ ವಿಚಾರ. ‘ಇಂಟರೆಸ್ಟ್’ ಎಂಬ ಪದಕ್ಕೆ ಎರಡು ಮುಖ: ಆಸಕ್ತಿ ಮತ್ತು ಹಿತಾಸಕ್ತಿ. ‘ಅನ್‌ಇಂಟರೆಸ್ಟೆಡ್’ ಮೊದಲನೆಯದನ್ನು ಅಲ್ಲಗಳೆಯುತ್ತದೆ, ‘ಡಿಸ್‌ಇಂಟರೆಸ್ಟೆಡ್’ ಎರಡನೆಯದನ್ನು. ಹೀಗಾಗಿ ನೀವು ಬರೆದ ಸಾಕ್ಷಿ ಕಟಕಟೆಯಲ್ಲಿ ಆಕಳಿಸುತ್ತ ನಿಂತಿದ್ದಾನೆ. ಮೂಲದ ಸಾಕ್ಷಿಗೆ ಯಾರು ಗೆದ್ದರೂ ಯಾರು ಸೋತರೂ ತನಗೇನೂ ಲಾಭವಿಲ್ಲ, ಆದ್ದರಿಂದಲೇ ಅವನ ಮಾತಿಗೆ ತೂಕ. ‘ಪ್ರಕರಣದಲ್ಲಿ ಹಿತಾಸಕ್ತಿ ಇಲ್ಲದ ಸಾಕ್ಷಿ’ ಎಂದು ಬರೆಯಿರಿ. ಸಾಹಿತ್ಯದ ಬರಹವಾಗಿದ್ದರೆ ‘ನಿಷ್ಪಕ್ಷಪಾತಿ’ ಅಥವಾ ‘ನಿಸ್ವಾರ್ಥಿ’ ಎನ್ನಬಹುದಿತ್ತು. ಆದರೆ ಅವೆರಡೂ ಹೊಗಳಿಕೆಯ ಪದಗಳು. ಕಾನೂನಿನ ಕಾಗದದಲ್ಲಿ ಹೊಗಳಿಕೆಗೆ ಕೆಲಸವಿಲ್ಲ.

ನಿಮಗೆ ಸ್ವಲ್ಪ ಸಮಾಧಾನವಾಗಲಿ ಎಂದು ಇನ್ನೊಂದು ವಿಷಯ. 17ನೆಯ ಶತಮಾನದ ಇಂಗ್ಲಿಷಿನಲ್ಲಿ ‘ಡಿಸ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದ ಎಂಬ ಬಳಕೆ ಇತ್ತು, ‘ಅನ್‌ಇಂಟರೆಸ್ಟೆಡ್’ ಎಂದರೆ ಪಕ್ಷಪಾತವಿಲ್ಲದ ಎಂಬ ಬಳಕೆಯೂ ಇತ್ತು. ಆಮೇಲೆ ಎರಡೂ ಕುರ್ಚಿ ಬದಲಿಸಿಕೊಂಡವು. ಇಂಗ್ಲಿಷೇ ತಾಯ್ನುಡಿಯಾದವರು ಇಂದಿಗೂ ಇವನ್ನು ಬೆರಸುತ್ತಾರೆ, ಅದರ ಬಗ್ಗೆ ಸಿಡಿಮಿಡಿಗೊಳ್ಳುವವರೂ ಇದ್ದಾರೆ. ಆಡುಮಾತಿನಲ್ಲಿ ಬೆರಕೆಯಾದರೆ ನಾನು ತಲೆ ಕೆಡಿಸಿಕೊಳ್ಳುವವನಲ್ಲ. ಆದರೆ ಒಂದು ಹೇಳಿಕೆಯ ಅನುವಾದದಲ್ಲಿ ನಿಮ್ಮ ಹಿರಿಯರ ಕೆಂಪು ಶಾಯಿಯ ಪಕ್ಷವೇ ನನ್ನದು.

‘ಡಿಸ್’ ಬಂದದ್ದು ಲ್ಯಾಟಿನ್ನಿನಿಂದ. ಮೂಲದಲ್ಲಿ ಅದಕ್ಕೆ ಬೇರೆಬೇರೆಯಾಗಿ, ದೂರಕ್ಕೆ ಎಂಬ ಅರ್ಥ. ಅದಕ್ಕೇ ಅದರಲ್ಲಿ ಏನೋ ಕಿತ್ತುಕೊಂಡ, ಕೆಡಿಸಿದ, ತೆಗೆದುಹಾಕಿದ ವಾಸನೆ ಇರುತ್ತದೆ. ‘ಡಿಸ್‌ಕವರ್’ ಅಂದರೆ ಹೊದಿಕೆ ತೆಗೆಯುವುದು, ‘ಡಿಸೀಸ್’ ಅಂದರೆ ‘ಈಸ್’ ಹೋದದ್ದು, ನೆಮ್ಮದಿ ಕೆಟ್ಟದ್ದು. ‘ಅನ್’ ಮತ್ತು ‘ಡಿಸ್’ ಒಂದೇ ಪದಕ್ಕೆ ಅಂಟಿದಾಗ ಈ ವಾಸನೆ ಎದ್ದು ಹೊಡೆಯುತ್ತದೆ. ‘ಅನ್‌ಆರ್ಗನೈಸ್ಡ್’ ಕಾರ್ಮಿಕರು ಸಂಘ ಕಟ್ಟಿಕೊಳ್ಳದವರು, ಅಸಂಘಟಿತರು. ‘ಡಿಸ್‌ಆರ್ಗನೈಸ್ಡ್’ ಮನುಷ್ಯನ ಮೇಜು ನೋಡಬೇಕು: ಕನ್ನಡಕ ಹುಡುಕಲು ಕನ್ನಡಕ ಬೇಕು. ‘ಅನ್‌ಸ್ಯಾಟಿಸ್ಫೈಡ್’ ಬೇಡಿಕೆ ಇನ್ನೂ ಈಡೇರಿಲ್ಲ, ‘ಡಿಸ್‌ಸ್ಯಾಟಿಸ್ಫೈಡ್’ ಗ್ರಾಹಕ ದೂರು ಬರೆಯುತ್ತಿದ್ದಾನೆ. ‘ಇನ್‌ಎಬಿಲಿಟಿ’ ಯಾವುದೋ ಒಂದು ಕೆಲಸ ಮಾಡಲಾಗದಿರುವುದು. ಸಾಲ ತೀರಿಸಲು ಆಗದಿರುವುದೂ ಅದೇ, ಸಭೆಗೆ ಬರಲಾಗದಿರುವುದೂ ಅದೇ. ‘ಡಿಸೆಬಿಲಿಟಿ’ ಅಂಗವೈಕಲ್ಯ. ಎರಡಕ್ಕೂ ‘ಅಸಮರ್ಥತೆ’ ಎಂದು ಬರೆದ ಅನುವಾದಗಳನ್ನು ನಾನು ತಿದ್ದಿದ್ದೇನೆ, ಎರಡನೆಯ ಕಡೆ ಅದು ತಪ್ಪಷ್ಟೇ ಅಲ್ಲ, ಅವಮಾನ ಕೂಡ.

‘ಮಿಸ್’ ನಿಜದಲ್ಲಿ ನಿಷೇಧವೇ ಅಲ್ಲ. ಅದು ‘ತಪ್ಪು’. ‘ಮಿಸ್‌ಯೂಸ್’ ದುರ್ಬಳಕೆ, ‘ಡಿಸ್‌ಯೂಸ್’ ಬಳಕೆ ತಪ್ಪಿಹೋದದ್ದು. ‘ಮಿಸ್‌ಇನ್ಫರ್ಮೇಷನ್’ ತಪ್ಪು ಮಾಹಿತಿ, ಹೇಳಿದವನಿಗೆ ದುರುದ್ದೇಶ ಇರಲೇಬೇಕೆಂದಿಲ್ಲ. ‘ಡಿಸ್‌ಇನ್ಫರ್ಮೇಷನ್’ ಬೇಕೆಂದೇ ಹಬ್ಬಿಸಿದ ಸುಳ್ಳು.

ಇವೆಲ್ಲ ಇಷ್ಟೊಂದು ಏಕೆ ಇವೆ ಎಂದು ಕೇಳಿದರೆ, ಇಂಗ್ಲಿಷ್ ಮೂರು ಮನೆಯ ಪಾತ್ರೆ ತಂದು ಅಡುಗೆ ಮಾಡಿದ ಭಾಷೆ. ‘ಅನ್’ ಅದರ ಹುಟ್ಟುಮನೆಯದು, ಹಳೆಯ ಇಂಗ್ಲಿಷಿನದು. ‘ಇನ್’ ಲ್ಯಾಟಿನ್ನಿನಿಂದ, ಹೆಚ್ಚಾಗಿ ಫ್ರೆಂಚ್ ದಾರಿಯಲ್ಲಿ ಬಂದದ್ದು. ‘ಎ’ ಅಥವಾ ‘ಅನ್’ ಎಂದು ಉಚ್ಚರಿಸುವ ಇನ್ನೊಂದು ಗ್ರೀಕಿನದು: ಏಥಿಸ್ಟ್, ಅನಾರ್ಕಿ, ಅನೀಮಿಯಾ ಇಂಥವುಗಳಲ್ಲಿ ಇರುವುದು. ಮೂರೂ ದಾಯಾದಿಗಳು. ನಾಲ್ಕನೆಯ ದಾಯಾದಿ ನಮ್ಮ ಪರಿಚಯದ್ದೇ, ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಅ’ ಮತ್ತು ‘ಅನ್’. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’: ಅಧರ್ಮ, ಆದರೆ ಅನಾದಿ. ಗ್ರೀಕಿನಲ್ಲೂ ಇದೇ ಕಟ್ಟಳೆ. ಏಥಿಸ್ಟ್‌ನಲ್ಲಿ ವ್ಯಂಜನ ಬಂತು, ಪ್ರತ್ಯಯ ಒಂಟಿಸ್ವರವಾಯಿತು. ಅನಾರ್ಕಿಯಲ್ಲಿ ಸ್ವರ ಬಂತು, ನಡುವೆ ‘ನ್’ ನಿಂತಿತು.

ಈ ನಂಟಸ್ತಿಕೆ ಬರೀ ಪ್ರತ್ಯಯದ್ದಲ್ಲ. ನಮ್ಮ ‘ಅಜ್ಞಾತ’ದಲ್ಲಿರುವ ‘ಜ್ಞಾ’ ಧಾತುವೇ ಇಂಗ್ಲಿಷಿನ ‘ನೋ’, ಲ್ಯಾಟಿನ್ನಿನ ‘ಗ್ನೋ’, ಗ್ರೀಕಿನ ‘ಗ್ನೋ’. ಹೀಗಾಗಿ ‘ಅನ್‌ನೋನ್’, ‘ಇಗ್ನೊರೆಂಟ್’, ‘ಅಗ್ನಾಸ್ಟಿಕ್’, ‘ಅಜ್ಞಾತ’ ಈ ನಾಲ್ಕೂ ಒಂದೇ ಮೂಲಧಾತುವಿಗೆ ಒಂದೇ ಮೂಲಪ್ರತ್ಯಯ ಹಚ್ಚಿದ ಪದಗಳು. ಅರ್ಥ ನೋಡಿ, ಎಲ್ಲೆಲ್ಲಿಗೆ ಚದುರಿವೆ! ಒಂದು ಗೊತ್ತಿಲ್ಲದ ವಸ್ತು, ಒಂದು ತಿಳಿವಳಿಕೆಯಿಲ್ಲದ ಮನುಷ್ಯ. ಇನ್ನೊಂದು, ದೇವರಿದ್ದಾನೋ ಇಲ್ಲವೋ ತಿಳಿಯಲು ಬಾರದು ಎನ್ನುವವನು. ಆ ‘ಅಗ್ನಾಸ್ಟಿಕ್’ ಪದವನ್ನು ಇಂಗ್ಲೆಂಡಿನ ಜೀವವಿಜ್ಞಾನಿ ಟಿ. ಎಚ್. ಹಕ್ಸ್‌ಲಿ 1869ರಲ್ಲಿ ಟಂಕಿಸಿದ. ಹಾಗೆಯೇ ‘ಅಮೃತ’, ಲ್ಯಾಟಿನ್ ಮೂಲದ ‘ಇಮ್ಮಾರ್ಟಲ್’, ಗ್ರೀಕ್ ದೇವತೆಗಳ ಆಹಾರವಾದ ‘ಅಂಬ್ರೋಸಿಯಾ’ ಮೂರರಲ್ಲೂ ಸಾವಿನ ಹಿಂದೆ ಅದೇ ‘ಇಲ್ಲ’ ಅಡಗಿದೆ. ಪ್ರತ್ಯಯ ಒಂದೇ ಆದರೂ ಅರ್ಥ ಒಂದೇ ಆಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

‘ಇನ್’ ವೇಷ ಬದಲಿಸುವುದು ನಿಮಗೆ ಗೊತ್ತಿರುತ್ತದೆ. ಪಾಸಿಬಲ್ ಮುಂದೆ ‘ಇಂ’, ಲೀಗಲ್ ಮುಂದೆ ‘ಇಲ್’, ರೆಗ್ಯುಲರ್ ಮುಂದೆ ‘ಇರ್’. ತತ್ ಮತ್ತು ಲೀನ ಸೇರಿ ತಲ್ಲೀನ ಆಗುವುದನ್ನು ಕಂಡ ನಮಗೆ ಇದು ಹೊಸತಲ್ಲ, ಸಂಧಿ. ಇಂಗ್ಲಿಷಿನ ಮಕ್ಕಳು ‘ಎಂ’ ಯಾವಾಗ, ‘ಎನ್’ ಯಾವಾಗ ಎಂದು ಉರು ಹೊಡೆಯಬೇಕು. ಕನ್ನಡ ಲಿಪಿಯಲ್ಲಿ ಒಂದು ಸೊನ್ನೆ ಇಟ್ಟರೆ ಮುಗಿಯಿತು: ‘ಇಂಪಾಸಿಬಲ್’ನಲ್ಲಿ ಆ ಸೊನ್ನೆ ತಾನಾಗಿ ‘ಮ್’ ಎಂದು ಕೇಳಿಸುತ್ತದೆ, ‘ಇಂಟಾಲರೆಂಟ್’ನಲ್ಲಿ ‘ನ್’ ಎಂದು. ಲ್ಯಾಟಿನ್ನಿನ ಈ ಸಂಧಿ ಇಂಗ್ಲಿಷಿಗೆ ಬರುವ ಮುಂಚೆಯೇ ಆಗಿಹೋಗಿತ್ತು. ನಾಡಪದವಾದ ‘ಅನ್’ ಬರವಣಿಗೆಯಲ್ಲಿ ಎಲ್ಲೂ ರೂಪ ಬದಲಿಸುವುದಿಲ್ಲ: ಇಲ್‌ಲೀಗಲ್ ಉಂಟು, ಆದರೆ ಅದರ ಪಕ್ಕದಲ್ಲಿ ಅನ್‌ಲಾಫುಲ್.

‘ಇನ್‌ಫ್ಲ್ಯಾಮಬಲ್’ ತೊಂದರೆ ಕೊಡುವುದು ಇಲ್ಲೇ. ಲ್ಯಾಟಿನ್ನಿನಲ್ಲಿ ‘ಇನ್’ ಎರಡು. ಒಂದು ನಿಷೇಧದ್ದು, ಇನ್ನೊಂದು ‘ಒಳಗೆ, ಮೇಲೆ’ ಎಂಬ ಅರ್ಥದ್ದು. ಬರವಣಿಗೆಯಲ್ಲಿ ಅವಳಿ, ವೇಷ ಬದಲಿಸುವುದರಲ್ಲೂ ಅವಳಿ, ಸಂಬಂಧ ಮಾತ್ರ ಇಲ್ಲ. ‘ಇನ್‌ಫ್ಲ್ಯಾಮಬಲ್’ನಲ್ಲಿ ಇರುವುದು ಎರಡನೆಯದು: ‘ಇನ್‌ಫ್ಲೇಮ್’, ಅಂದರೆ ಉರಿ ಹತ್ತಿಸು, ಅದರಿಂದ ‘ಉರಿ ಹತ್ತಬಲ್ಲ’. ಪದದ ದೃಷ್ಟಿಯಿಂದ ಎಳ್ಳಷ್ಟೂ ತಪ್ಪಿಲ್ಲ. ಆದರೆ ಪೆಟ್ರೋಲಿನ ಡಬ್ಬಿಯ ಮೇಲೆ ಅದನ್ನು ಓದಿ ‘ಉರಿಯದು’ ಎಂದುಕೊಳ್ಳುವವನಿಗೆ ಪದದ ಮೂಲ ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಅದಕ್ಕಾಗಿಯೇ 1920ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿಸುರಕ್ಷಾ ಸಂಘ ‘ಫ್ಲ್ಯಾಮಬಲ್’ ಎಂಬ ಚಿಕ್ಕ ಪದವನ್ನೇ ಬಳಸಿರೆಂದು ಒತ್ತಾಯ ಹಾಕಿತು. ಆ ಪದ ಅದಕ್ಕೂ ಸುಮಾರು ನೂರು ವರ್ಷ ಹಿಂದೆಯೇ ಹುಟ್ಟಿ ಮೂಲೆಯಲ್ಲಿ ಕುಳಿತಿತ್ತು. ಹೀಗೆ ಇವತ್ತು ‘ಫ್ಲ್ಯಾಮಬಲ್’, ‘ಇನ್‌ಫ್ಲ್ಯಾಮಬಲ್’ ಎರಡಕ್ಕೂ ಒಂದೇ ಅರ್ಥ, ವಿರುದ್ಧ ಪದ ‘ನಾನ್‌ಫ್ಲ್ಯಾಮಬಲ್’. ಅನುವಾದದಲ್ಲಿ ‘ದಹ್ಯ’, ‘ದಹನಶೀಲ’ ಎಂದೆಲ್ಲ ಹುಡುಕುತ್ತ ಕೂರಬೇಡಿ. ‘ಬೇಗ ಬೆಂಕಿ ಹತ್ತಿಕೊಳ್ಳುತ್ತದೆ’ ಎಂದು ಬರೆಯಿರಿ.

ಇದೇ ಅವಳಿಯ ಇನ್ನೆರಡು ಕಿತಾಪತಿ ಹೇಳಿಬಿಡುತ್ತೇನೆ. ‘ಇನ್‌ಹ್ಯಾಬಿಟಬಲ್’ ಎಂದರೆ ವಾಸಯೋಗ್ಯ, ವಾಸಕ್ಕೆ ಆಗದ್ದು ‘ಅನ್‌ಇನ್‌ಹ್ಯಾಬಿಟಬಲ್’. ‘ಇಂಪ್ಯಾಷನ್ಡ್’ ಭಾಷಣದಲ್ಲಿ ಆವೇಶ ಉಕ್ಕುತ್ತಿರುತ್ತದೆ, ‘ಇಂಪ್ಯಾಸಿವ್’ ಮುಖದಲ್ಲಿ ಯಾವ ಭಾವವೂ ಕಾಣುವುದಿಲ್ಲ. ಮೊದಲಕ್ಷರ ಎರಡಕ್ಕೂ ಒಂದೇ.

ಈಗ ‘ಅನ್’ನ ಸರದಿ, ನಿಮ್ಮ ಬಾಗಿಲಿನ ತಕರಾರು ಇರುವುದು ಇಲ್ಲಿ. ಇದೂ ಎರಡು. ಗುಣವಾಚಕಕ್ಕೆ ಅಂಟುವುದು ‘ಅಲ್ಲದ, ಇಲ್ಲದ’ ಎನ್ನುವ ‘ಅನ್’. ಕ್ರಿಯಾಪದಕ್ಕೆ ಅಂಟುವುದು ಬೇರೆಯೇ ಮೂಲದ್ದು, ಗ್ರೀಕಿನ ‘ಆಂಟಿ’ಗೆ ನಂಟ. ಅದರ ಕೆಲಸ ನಿಷೇಧವಲ್ಲ, ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವುದು. ‘ಟೈ’ ಕಟ್ಟು, ‘ಅನ್‌ಟೈ’ ಬಿಚ್ಚು. ‘ಪ್ಯಾಕ್’, ‘ಅನ್‌ಪ್ಯಾಕ್’, ‘ಫೋಲ್ಡ್’, ‘ಅನ್‌ಫೋಲ್ಡ್’. ಕಟ್ಟದೆ ಇರುವುದನ್ನು ಅನ್‌ಟೈ ಮಾಡಲು ಬರುವುದಿಲ್ಲ. ಹಿಂದಕ್ಕೆ ತಿರುಗಿಸಲಾಗದ ಕೆಲಸಗಳಿಗೆ ಈ ‘ಅನ್’ ಅಂಟುವುದೂ ಇಲ್ಲ. ಲೋಟ ಬ್ರೇಕ್ ಆದ ಮೇಲೆ ‘ಅನ್‌ಬ್ರೇಕ್’ ಮಾಡುವವರಿಲ್ಲ. ಕಂಪ್ಯೂಟರ್ ಬಂದ ಮೇಲೆ ಈ ‘ಅನ್’ಗೆ ಶುಕ್ರದೆಸೆ. ಪರದೆಯ ಮೇಲೆ ಬಹುತೇಕ ಎಲ್ಲವನ್ನೂ ಹಿಂದಕ್ಕೆ ತಿರುಗಿಸಬಹುದಲ್ಲ! ಅನ್‌ಡೂ, ಅನ್‌ಇನ್‌ಸ್ಟಾಲ್, ಅನ್‌ಫಾಲೋ, ಅನ್‌ಸಬ್‌ಸ್ಕ್ರೈಬ್. ‘ಅನ್‌ಫ್ರೆಂಡ್’ ಎಂಬ ಕ್ರಿಯಾಪದವನ್ನು ಆಕ್ಸ್‌ಫರ್ಡಿನ ಅಮೆರಿಕನ್ ನಿಘಂಟು 2009ರ ವರ್ಷದ ಪದವೆಂದು ಆರಿಸಿತು. ಗೆಳೆತನವನ್ನು ಗಂಟಿನ ಹಾಗೆ ಬಿಚ್ಚಬಹುದೇ ಎಂಬ ಪ್ರಶ್ನೆ ವ್ಯಾಕರಣದ್ದಲ್ಲ, ಬಿಡಿ.

ಎರಡು ‘ಅನ್’ ಒಂದೇ ಪದದಲ್ಲಿ ಮುಖಾಮುಖಿಯಾದಾಗ ನೋಡಬೇಕು. ‘ಅನ್‌ಲಾಕಬಲ್’ ಎಂಬುದನ್ನು ಎರಡು ಕಡೆ ತುಂಡು ಮಾಡಬಹುದು. ‘ಲಾಕಬಲ್’ ಮೊದಲು ಆಗಿ ಅದಕ್ಕೆ ‘ಅನ್’ ಅಂಟಿತು ಎನ್ನಿ, ಆಗ ‘ಬೀಗ ಹಾಕಲಾಗದ’. ‘ಅನ್‌ಲಾಕ್’ ಮೊದಲು ಆಗಿ ಅದಕ್ಕೆ ‘ಏಬಲ್’ ಅಂಟಿತು ಎನ್ನಿ, ಆಗ ‘ಬೀಗ ತೆಗೆಯಬಹುದಾದ’. ಅಕ್ಷರ ಅವೇ, ಅರ್ಥ ತಲೆಕೆಳಗು. ಕನ್ನಡದಲ್ಲಿ ಇಂಥ ಗೊಂದಲ ಹುಟ್ಟಿಸಬೇಕೆಂದರೂ ಕಷ್ಟ, ‘ಹಾಕು’ ಮತ್ತು ‘ತೆಗೆ’ ನಮಗೆ ಎರಡು ಬೇರೆ ಕ್ರಿಯೆಗಳು.

ಯಾವ ಪದಕ್ಕೆ ಯಾವುದು ಅಂಟುತ್ತದೆ ಎಂಬುದಕ್ಕೆ ಬರೋಣ. ಪೂರ್ತಿ ನಂಬಬಹುದಾದ ನಿಯಮವಿಲ್ಲ, ಕೆಲವು ಒಲವುಗಳಿವೆ. ‘ಎಡ್’, ‘ಇಂಗ್’ ಕೊನೆಯ ಪದಗಳಿಗೆ ಬಹುಮಟ್ಟಿಗೆ ‘ಅನ್’. ಲ್ಯಾಟಿನ್ ಕಳೆ ಗಟ್ಟಿಯಾಗಿ ಉಳಿದ ‘ಇಬಲ್’, ‘ಎಂಟ್’ ಕೊನೆಯವಕ್ಕೆ ‘ಇನ್’. ಇದರಿಂದ ಒಂದೇ ಮನೆಯಲ್ಲಿ ಎರಡು ಪ್ರತ್ಯಯ ಕಾಣುತ್ತವೆ: ‘ಅನ್‌ಡಿವೈಡೆಡ್’ ಎಂದರೆ ಭಾಗವಾಗಿಲ್ಲದ, ಅವಿಭಕ್ತ, ‘ಇನ್‌ಡಿವಿಸಿಬಲ್’ ಎಂದರೆ ಭಾಗ ಮಾಡಲಾಗದ, ಅವಿಭಾಜ್ಯ. ಅವಿಭಕ್ತ ಕುಟುಂಬ ನಾಳೆ ಪಾಲಾಗಬಹುದು. ಅವಿಭಾಜ್ಯ ಸಂಖ್ಯೆ ಎಂದೂ ಆಗದು. ಇದು ಇಲ್ಲದ್ದಕ್ಕೂ ಆಗದ್ದಕ್ಕೂ ಇರುವ ದೂರ. ಗುಣವಾಚಕದಿಂದ ನಾಮಪದಕ್ಕೆ ಹೋಗುವಾಗ ಪ್ರತ್ಯಯ ಬದಲಾಗುವ ಕೆಲವನ್ನು ಬಾಯಿಪಾಠವೇ ಮಾಡಬೇಕು: ಅನ್‌ಈಕ್ವಲ್ ಆದರೆ ಇನ್‌ಈಕ್ವಾಲಿಟಿ, ಅನ್‌ಜಸ್ಟ್ ಆದರೆ ಇನ್‌ಜಸ್ಟಿಸ್, ಅನ್‌ಸ್ಟೇಬಲ್ ಆದರೆ ಇನ್‌ಸ್ಟೆಬಿಲಿಟಿ. ನಾಮಪದ ಲ್ಯಾಟಿನ್ನಿನಿಂದ, ಫ್ರೆಂಚಿನಿಂದ ಸಿದ್ಧವಾಗಿ ಬಂತು. ಗುಣವಾಚಕಕ್ಕೆ ಇಂಗ್ಲಿಷ್ ತನ್ನ ಮನೆಯ ‘ಅನ್’ ಹಚ್ಚಿಕೊಂಡಿತು. ಇಂಗ್ಲಿಷ್ ಆಡುವವರಿಗೇ ಇದರಲ್ಲಿ ಒಮ್ಮತ ಇರಲಿಲ್ಲ. ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಜೆಫರ್‌ಸನ್ ಬರೆದದ್ದು ‘ಇನ್‌ಏಲಿಯನಬಲ್’ ಹಕ್ಕುಗಳು ಎಂದು, ಅಚ್ಚಾಗಿ ಹೊರಬಂದದ್ದು ‘ಅನ್‌ಏಲಿಯನಬಲ್’. ಅರ್ಥದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ, ಎರಡೂ ಕಿತ್ತುಕೊಳ್ಳಲಾಗದ ಹಕ್ಕುಗಳೇ.

ಇನ್ನೊಂದು ಒಲವು ಸ್ವಾರಸ್ಯದ್ದು. ‘ಅನ್’ ಒಳ್ಳೆಯ ಪದಗಳನ್ನು ಹುಡುಕಿಕೊಂಡು ಹೋಗಿ ಅಂಟುತ್ತದೆ. ಅನ್‌ಹ್ಯಾಪಿ, ಅನ್‌ಕೈಂಡ್, ಅನ್‌ವೈಸ್ ಇವೆ. ಅನ್‌ಸ್ಯಾಡ್, ಅನ್‌ಕ್ರೂಯಲ್, ಅನ್‌ಫೂಲಿಶ್ ಇಲ್ಲ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ 1917ರಲ್ಲೇ ಇದನ್ನು ಗಮನಿಸಿ ಬರೆದಿದ್ದಾನೆ. ಕನ್ನಡದಲ್ಲೂ ‘ಅಸುಂದರ’ ಕೇಳಿದ್ದೇವೆ, ‘ಅಕುರೂಪಿ’ ಕೇಳಿಲ್ಲ. ಆದರೆ ಸಂಸ್ಕೃತ ಈ ವಿಷಯದಲ್ಲಿ ಕೈ ಬಿಚ್ಚಿದ ಭಾಷೆ. ಕೃಷ್ಣನನ್ನು ಮಥುರೆಗೆ ಕರೆದೊಯ್ದ ಅಕ್ರೂರನ ಹೆಸರೇ ಇದೆ. ‘ಅಹಿಂಸೆ’ಯಂತೂ ಕೆಟ್ಟ ಪದವೊಂದನ್ನು ಅಲ್ಲಗಳೆದು ದೊಡ್ಡ ಮೌಲ್ಯವನ್ನೇ ನಿಲ್ಲಿಸಿತು. ಅದನ್ನು ಇಂಗ್ಲಿಷಿಗೆ ತರುವಾಗ ‘ಅನ್’ ನೆಲೆಗೊಳ್ಳಲಿಲ್ಲ, ‘ನಾನ್’ ಬೇಕಾಯಿತು: ‘ನಾನ್‌ವಯಲೆನ್ಸ್’. ‘ನಾನ್’ ಎಲ್ಲಿಗೂ ಹೋಗಿ ಅಂಟುತ್ತದೆ, ಅದಕ್ಕೆ ಮಡಿಮೈಲಿಗೆ ಇಲ್ಲ.

ಇದರ ಜೊತೆಗೇ ಗಮನಿಸಬೇಕಾದದ್ದು, ‘ಅನ್‌ಹ್ಯಾಪಿ’ ಎಂದರೆ ಸಂತೋಷ ಇಲ್ಲದಿರುವುದಷ್ಟೇ ಅಲ್ಲ, ದುಃಖ ಇರುವುದು. ಸಂತೋಷಕ್ಕೂ ದುಃಖಕ್ಕೂ ನಡುವೆ ದೊಡ್ಡ ಬಯಲಿದೆ, ನಾವು ಬಹಳ ಹೊತ್ತು ಇರುವುದು ಆ ಬಯಲಿನಲ್ಲೇ. ಆದ್ದರಿಂದ ‘ನಾಟ್ ಅನ್‌ಹ್ಯಾಪಿ’ ಎಂದು ಬಂದರೆ ಎರಡು ಇಲ್ಲಗಳನ್ನು ಹೊಡೆದುಹಾಕಿ ‘ಸಂತೋಷವಾಗಿದ್ದರು’ ಎಂದು ಬರೆಯಬೇಡಿ. ‘ಬೇಸರವೇನೂ ಇರಲಿಲ್ಲ’ ಎನ್ನಿ.

ಇನ್ನು ಅನುವಾದಕರು ಜಾರಿ ಬೀಳುವ ಜಾಗಗಳು. ‘ಇನ್‌ವ್ಯಾಲ್ಯುಯಬಲ್’ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಆದರೆ ಕನ್ನಡಿಗರಿಗೆ ಆ ಎಚ್ಚರಿಕೆ ಬೇಕೇ ಇಲ್ಲ. ‘ಅಮೂಲ್ಯ’ ಎಂಬ ಪದ ಅದೇ ಅಚ್ಚಿನಲ್ಲಿ ಎರಕಹೊಯ್ದದ್ದು: ಬೆಲೆ ಕಟ್ಟಲಾಗದ್ದು, ಬೆಲೆಯಿಲ್ಲದ್ದಲ್ಲ. ಬೆಲೆಯಿಲ್ಲದ್ದಕ್ಕೆ ‘ವರ್ತ್‌ಲೆಸ್’ ಇದೆ. ‘ಇನ್‌ಫೇಮಸ್’ ಹೆಸರಿಲ್ಲದವನಲ್ಲ, ಕುಖ್ಯಾತ. ಉಚ್ಚಾರದಲ್ಲಿ ಒತ್ತು ‘ಇನ್’ ಮೇಲೆ ಬೀಳುತ್ತದೆ, ‘ಫೇ’ ಸಣ್ಣದಾಗಿ ‘ಫ’ ಎನಿಸುತ್ತದೆ. ‘ಅನ್‌ಕ್ವಾಲಿಫೈಡ್ ಡಾಕ್ಟರ್’ ಎಂದರೆ ಓದದ ವೈದ್ಯ, ಓಡಿಹೋಗಿ. ‘ಅನ್‌ಕ್ವಾಲಿಫೈಡ್ ಸಪೋರ್ಟ್’ ಎಂದರೆ ಷರತ್ತಿಲ್ಲದ ಬೆಂಬಲ, ಬಾಚಿಕೊಳ್ಳಿ. ‘ಅನ್‌ಎಕ್ಸೆಪ್ಷನಲ್’ ವರದಿ ಸಾಧಾರಣವಾದದ್ದು, ‘ಅನ್‌ಎಕ್ಸೆಪ್ಷನಬಲ್’ ವರದಿ ಆಕ್ಷೇಪಿಸಲು ಜಾಗವಿಲ್ಲದ್ದು. ‘ಇಮ್ಮಾರಲ್’ ಅನೈತಿಕ, ‘ಏಮಾರಲ್’ ನೀತಿ ಅನೀತಿಯ ಲೆಕ್ಕಕ್ಕೇ ಸಿಗದ್ದು. ಬಿರುಗಾಳಿ ಊರು ಕೆಡವಿದರೂ ಅನೈತಿಕವಲ್ಲ.

ನಾನು ಜಾರಿದ್ದು ‘ಇನ್‌ಡಿಫರೆಂಟ್’ ಮೇಲೆ. ಹೊಸತರಲ್ಲಿ ಒಬ್ಬರ ಜೀವನಚಿತ್ರ ಅನುವಾದಿಸುತ್ತಿದ್ದೆ. ಕೊನೆಗಾಲದಲ್ಲಿ ಅವರದು ‘ಇನ್‌ಡಿಫರೆಂಟ್ ಹೆಲ್ತ್’ ಎಂದಿತ್ತು. ‘ಆರೋಗ್ಯದ ಬಗ್ಗೆ ಉದಾಸೀನರಾಗಿದ್ದರು’ ಎಂದು ಬರೆದೆ, ಅಚ್ಚೂ ಆಯಿತು. ಅವರ ಮಗಳಿಂದ ಒಂದು ಪತ್ರ ಬಂತು, ಕೋಪವಿರಲಿಲ್ಲ: ‘ಅಪ್ಪ ಒಂದು ಹೊತ್ತಿನ ಔಷಧಿಯನ್ನೂ ತಪ್ಪಿಸಿದವರಲ್ಲ.’ ಆ ಪದಕ್ಕೆ ಉದಾಸೀನ ಎಂಬುದರ ಜೊತೆಗೆ ‘ಅಷ್ಟಕ್ಕಷ್ಟೆ’ ಎಂಬ ಅರ್ಥವೂ ಇದೆ, ಅವರ ಆರೋಗ್ಯ ಅಷ್ಟಕ್ಕಷ್ಟೆ ಇತ್ತು. ಪ್ರತ್ಯಯ ಬಿಡಿಸಿ ಅರ್ಥ ಕಟ್ಟುವ ಚಟ ನನಗೆ ಅಂದಿನಿಂದ ಕಡಿಮೆಯಾಯಿತು. ಪದ ಹಳೆಯದಾದಷ್ಟೂ ಬೆಸುಗೆ ಗಟ್ಟಿ, ಬಿಡಿಸಲು ಹೋದರೆ ಕೈಗೆ ಚೂರುಗಳು ಸಿಗುತ್ತವೆ, ಅರ್ಥ ಸಿಗುವುದಿಲ್ಲ. ‘ಇನ್‌ಫೆಂಟ್’ ಎಂದರೆ ಮೂಲದಲ್ಲಿ ‘ಮಾತಾಡದ್ದು’. ಇವತ್ತು ಕೂಸು, ಅಷ್ಟೆ. ‘ಇನ್ನೊಸೆಂಟ್’ ಎಂದರೆ ‘ಕೇಡು ಮಾಡದ’. ‘ನೊಸೆಂಟ್’ ಮೂಲೆ ಸೇರಿ ಯಾವ ಕಾಲವಾಯಿತೋ. ‘ಅನ್‌ಕೆಂಪ್ಟ್’ ಎಂದರೆ ಬಾಚದ ತಲೆ. ‘ಕೆಂಪ್ಟ್’ ಎಂದು ಯಾರಾದರೂ ಹೇಳಿದರೆ ತಮಾಷೆಗೆ. ನಮ್ಮಲ್ಲೂ ಹೀಗೆ ಜೋಡಿ ಕಳೆದುಕೊಂಡ ಪದಗಳುಂಟು: ‘ಅಮಾಯಕ’ ಎನ್ನುತ್ತೇವೆ, ಚಾಲಾಕಿನವನನ್ನು ‘ಮಾಯಕ’ ಎನ್ನುವುದಿಲ್ಲ.

ನಿಮ್ಮ ಬಾಗಿಲು ಇನ್ನೂ ಹಾಗೇ ಇದೆ. ‘ಅನ್‌ಲಾಕ್ಡ್’ ಅಲ್ಲಿ ಎರಡು ‘ಅನ್’ಗಳಲ್ಲಿ ಯಾವುದೂ ಆಗಿರಬಹುದು: ಯಾರೂ ಬೀಗ ಹಾಕಿರಲಿಲ್ಲ, ಅಥವಾ ಹಾಕಿದ್ದನ್ನು ಯಾರೋ ತೆಗೆದಿದ್ದರು. ಮೊದಲನೆಯದಾದರೆ ಮನೆಯವರ ಮರೆವು. ಎರಡನೆಯದಾದರೆ ಬೀಗದ ಕೈ ಯಾರ ಹತ್ತಿರ ಇತ್ತು ಎಂಬ ಪ್ರಶ್ನೆ ಏಳುತ್ತದೆ. ‘ಬೀಗ ತೆಗೆಯಲಾಗಿತ್ತು’ ಎಂದು ಬರೆದ ನೀವು, ಸಾಕ್ಷಿ ಹೇಳದ ಒಬ್ಬ ಮನುಷ್ಯನನ್ನು ಬಾಗಿಲ ಬಳಿ ತಂದು ನಿಲ್ಲಿಸಿದಿರಿ. ಹೇಳಿಕೆಯ ಹಿಂದುಮುಂದಿನ ಸಾಲು ಓದಿ. ಬೀಗದ ಕೈಯ ಮಾತೋ, ಹಿಂದಿನ ರಾತ್ರಿ ಬೀಗ ಹಾಕಿದ ಮಾತೋ ಅಲ್ಲಿದ್ದರೆ ನಿಮ್ಮ ಅನುವಾದ ನಿಲ್ಲುತ್ತದೆ. ಏನೂ ಇಲ್ಲದಿದ್ದರೆ ‘ಬಾಗಿಲು ಬೀಗ ಹಾಕಿದ ಸ್ಥಿತಿಯಲ್ಲಿರಲಿಲ್ಲ’ ಎಂದು ಬರೆಯಿರಿ. ವಾಕ್ಯ ಸ್ವಲ್ಪ ಒರಟು, ಆದರೆ ಸಾಕ್ಷಿ ಕಂಡದ್ದಕ್ಕಿಂತ ಹೆಚ್ಚಿಗೆ ಒಂದಕ್ಷರವನ್ನೂ ಹೇಳುವುದಿಲ್ಲ.